ಹವಳದ ಕ್ಯಾಲ್ಸಿಯಂ ನಿಜಕ್ಕೂ ಹವಳದ್ದಾ? ಅಂಗಡಿಯಲ್ಲೇ ಪರೀಕ್ಷೆ ಮಾಡಿದ ನನ್ನ ಅನುಭವ

ಕೋರಲ್ ಕ್ಯಾಲ್ಸಿಯಂ ಅಂತ ಬರೆದಿರುವ ಮಾತ್ರೆಯಲ್ಲಿ ಹವಳ ಇದೆಯೋ, ಸುಣ್ಣದಕಲ್ಲಿನ ಪುಡಿ ಇದೆಯೋ? ನನ್ನಂಥ ಮೆಡಿಕಲ್ ಅಂಗಡಿಯವನು ಇದನ್ನು ಹೇಳೋಕೆ ಸಾಧ್ಯವೇ ಇಲ್ಲ ಅಂತ ಎಲ್ಲರೂ ಅಂದಿದ್ದರು. ಔಷಧ ಕಂಪನಿಗಳ ರೆಪ್‌ಗಳಂತೂ ನಕ್ಕರು. ಇಲ್ಲಿನ ಸೂಪರ್ ಮಾರ್ಕೆಟ್ ಏರಿಯಾದ ಹಿರಿಯ ಸ್ಟಾಕಿಸ್ಟ್ (ಸಗಟು ಔಷಧ ವ್ಯಾಪಾರಿ) ಒಬ್ಬರು, "ಮಾಲ್ ಬರ್ತದ, ಮಾಲ್ ಹೋಗ್ತದ. ನಿಮಗ್ಯಾಕ್ರೀ ಈ ಉಸಾಬರಿ?" ಅಂದರು. ಈಗ ಅವರೇ ಹೊಸ ಬ್ರ್ಯಾಂಡ್ ಬಂದರೆ ಮೊದಲು ಒಂದು ಸ್ಟ್ರಿಪ್ ನನಗೆ ಕಳಿಸುತ್ತಾರೆ.

ಕಲಬುರಗಿಯಲ್ಲಿ ಮೊಣಕಾಲು ನೋವು, ಸೊಂಟ ನೋವು ಅಂದರೆ ಚೀಟಿಯಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತೆ. ಇತ್ತೀಚೆಗೆ ಕೋರಲ್ ಜಾಸ್ತಿ. ಹದಿನೈದು ಮಾತ್ರೆಗೆ ಇನ್ನೂರ ನಲವತ್ತು ರೂಪಾಯಿ ಆಸುಪಾಸು. ಆಳಂದ ಕಡೆಯ ಒಬ್ಬ ಅಜ್ಜಿ ಪ್ರತಿ ತಿಂಗಳೂ ಎರಡು ಸ್ಟ್ರಿಪ್ ಒಯ್ಯುತ್ತಿದ್ದರು. ಪರ್ಸಿನಿಂದ ಹತ್ತರ ನೋಟು ಎಣಿಸಿ ಕೊಡುತ್ತಾ ಒಂದು ಸಲ, "ಯಪ್ಪಾ, ಇದು ಸಮುದ್ರದ್ದೇ ಹೌದಲ್ಲ? ರೊಕ್ಕ ಅದಕ್ಕೇ ಹೆಚ್ಚಂತ" ಅಂತ ಕೇಳಿದರು. ಹೌದು ಅನ್ನೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ.

ಮೊದಲು ಲೇಬಲ್ ವಿಷಯ. ಮಾಮೂಲಿ ಮಾತ್ರೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ, ಅದರಲ್ಲಿ ಎಲಿಮೆಂಟಲ್ ಕ್ಯಾಲ್ಸಿಯಂ (ಅಂದರೆ ಒಳಗಿರುವ ಬರೀ ಕ್ಯಾಲ್ಸಿಯಂ) 500 ಅಂತ ಬಿಡಿಸಿ ಬರೆದಿರುತ್ತಾರೆ. ಎಷ್ಟೋ ಕೋರಲ್ ಸ್ಟ್ರಿಪ್ ಮೇಲೆ "ಕೋರಲ್ ಕ್ಯಾಲ್ಸಿಯಂ 500" ಅಂತ ಮಾತ್ರ ಇರುತ್ತೆ. ಅದು ಹವಳದ ಪುಡಿಯ ತೂಕ. ಒಳಗಿರುವ ಕ್ಯಾಲ್ಸಿಯಂ ಇನ್ನೂರರ ಒಳಗೇ. ಲೆಕ್ಕ ಹಾಕಿದರೆ 500 ಮಿಲಿಗ್ರಾಂ ಕ್ಯಾಲ್ಸಿಯಂಗೆ ಮಾಮೂಲಿ ಮಾತ್ರೆಯಲ್ಲಿ ಆರೇಳು ರೂಪಾಯಿ, ಕೋರಲ್‌ನಲ್ಲಿ ನಲವತ್ತರ ಹತ್ತಿರ. ವಿಟಮಿನ್ ಡಿ3, ಮೀಥೈಲ್‌ಕೊಬಾಲಮಿನ್ (ವಿಟಮಿನ್ ಬಿ12) ಸೇರಿಸಿದ್ದಕ್ಕೆ ಒಂದಷ್ಟು ಬೆಲೆ ಹಿಡಿಯಲೇಬೇಕು, ಒಪ್ಪುತ್ತೇನೆ. ಆದರೂ ಅಂತರ ಬಹಳ ಆಯ್ತು.

ಕ್ಯಾಲ್ಸಿಯಂ ಎಷ್ಟಿದೆ ಅಂತ ನೋಡೋದು ಕಷ್ಟವಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಹನ್ನೆರಡು ದಾಟಿಸಿ, ಪ್ಯಾಟನ್ ರೀಡರ್ ಸೂಚಕದ ಬಣ್ಣ ಬದಲಾಗುವ ತನಕ ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡೋದು, ಅಂದರೆ ಟೈಟ್ರೇಷನ್. ಬಿ.ಫಾರ್ಮ್‌ನಲ್ಲಿ ಎಲ್ಲರೂ ಮಾಡಿರುತ್ತೇವೆ. ಮಾತ್ರೆಗೆ ಸೇರಿಸಿದ ಜಿಂಕ್ ಅಡ್ಡ ಬರುತ್ತೆ ಅಂತ ಹೆದರಬೇಡಿ. ಏಳೂವರೆ ಮಿಲಿಗ್ರಾಂ ಜಿಂಕ್ ಇದ್ದರೂ ಎಲಿಮೆಂಟಲ್ 500 ಇರುವ ಮಾತ್ರೆಯಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರಲ್ಲ, ಕೋರಲ್ 500ರಲ್ಲಿ ಎರಡು-ಮೂರರಷ್ಟು ಬರಬಹುದು. ಕೋರಲ್ ಬ್ರ್ಯಾಂಡ್ ಹತ್ತು-ಹನ್ನೆರಡು ನೋಡಿದೆ. ಬಹುತೇಕ ಲೇಬಲ್‌ಗೆ ಹತ್ತಿರವೇ ಇದ್ದವು. ಒಂದು ಮಾತ್ರ ಹದಿನೈದು ಪರ್ಸೆಂಟ್‌ನಷ್ಟು ಕಡಿಮೆ ಬಂತು. ನೀರಿನಲ್ಲಿ ಒಡೆಯುವುದರಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಫಿಲ್ಮ್ ಕೋಟಿಂಗ್ ಮಾತ್ರೆ ಅರ್ಧ ಗಂಟೆಯೊಳಗೆ ಒಡೆಯಬೇಕು ಅಂತ ಫಾರ್ಮಕೋಪಿಯಾ (ಔಷಧ ಗುಣಮಟ್ಟದ ಅಧಿಕೃತ ಗ್ರಂಥ) ನಿಯಮ. ಒಂದು ದುಬಾರಿ ಕೋರಲ್ ಮಾತ್ರೆ ಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆ ಆದರೂ ಗುಂಡುಕಲ್ಲಿನ ಹಾಗೆ ಕೂತಿತ್ತು.

ಆದರೆ ಮೂಲ ಯಾವುದು ಅನ್ನೋದು ಇದ್ಯಾವುದರಿಂದಲೂ ಗೊತ್ತಾಗಲ್ಲ. ಹವಳವೂ ಕ್ಯಾಲ್ಸಿಯಂ ಕಾರ್ಬೊನೇಟೇ, ನೆಲಕ್ಕೆ ಹಾಸುವ ಸುಣ್ಣದಕಲ್ಲು ಶಹಾಬಾದ್ ಫರಸಿಯೂ ಅದೇ. ವ್ಯತ್ಯಾಸ ಇರೋದು ಹರಳಿನ ರಚನೆಯಲ್ಲಿ. ಬಂಡೆ ಹವಳ (ರೀಫ್ ಕೋರಲ್) ಅರಗೊನೈಟ್, ಸುಣ್ಣದಕಲ್ಲು ಕ್ಯಾಲ್ಸೈಟ್. ಕೋಬಾಲ್ಟ್ ನೈಟ್ರೇಟ್ ದ್ರಾವಣದಲ್ಲಿ ಕುದಿಸಿದರೆ ಅರಗೊನೈಟ್ ತಿಳಿ ನೇರಳೆಗೆ ತಿರುಗುತ್ತೆ, ಕ್ಯಾಲ್ಸೈಟ್ ಬೆಳ್ಳಗೇ ಉಳಿಯುತ್ತೆ. ಮೈಗನ್ ಪರೀಕ್ಷೆ ಅಂತಾರೆ. ಭೂವಿಜ್ಞಾನದವರದು ಇದು, ಫಾರ್ಮಸಿಯವರು ಯಾರೂ ಮುಟ್ಟಲ್ಲ. ನೂರು ಗ್ರಾಂ ಕೋಬಾಲ್ಟ್ ನೈಟ್ರೇಟ್‌ಗೆ ಸಾವಿರದ ಮೇಲೆ ಹೋಯ್ತು. ಮನೆಯಲ್ಲಿ ಬೈಗುಳ ತಿಂದೆ.

ಹೋಲಿಸಿ ನೋಡೋಕೆ ಅಸಲಿ ಹವಳ ಬೇಕಲ್ವಾ? ಅದು ಸಿಗಲ್ಲ, ಹುಡುಕಲೂಬಾರದು. ಬಂಡೆ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿದೆ. ಅದರ ಬದಲು ಗ್ರಂಥಿಗೆ ಅಂಗಡಿಯ ಸಮುದ್ರ ಫೇನ (ಕಟ್ಲ್‌ಫಿಶ್ ಎಲುಬು) ತಂದೆ, ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಕವಡೆ ಕುಟ್ಟಿದೆ. ಎರಡೂ ಅರಗೊನೈಟ್. ಕ್ಯಾಲ್ಸೈಟ್‌ಗೆ ಪೊರೆ ತೆಗೆದ ಮೊಟ್ಟೆ ಚಿಪ್ಪು. ಶಹಾಬಾದ್ ಕಲ್ಲನ್ನೂ ಪುಡಿ ಮಾಡಿದೆ, ಆದರೆ ಅದರ ಬೂದು ಬಣ್ಣದಲ್ಲಿ ಏನೂ ಕಾಣಲ್ಲ.

ಮೊದಮೊದಲು ಎಲ್ಲವೂ ಗುಲಾಬಿ. ಮೊಟ್ಟೆ ಚಿಪ್ಪೂ ಗುಲಾಬಿ, ಕವಡೆಯೂ ಗುಲಾಬಿ. ದ್ರಾವಣದ ಬಣ್ಣವೇ ಅದು. ಸೋಸಿ, ತೊಳೆದ ನೀರಿನಲ್ಲಿ ಬಣ್ಣ ಹೋಗುವ ತನಕ ತೊಳೆದು, ಬಿಳಿ ಟೈಲ್ ಮೇಲೆ ಹರಡಿ ಬೆಳಗಿನ ಬೆಳಕಲ್ಲಿ ನೋಡಬೇಕು. ಟ್ಯೂಬ್‌ಲೈಟ್ ಕೆಳಗೆ ಮೋಸ ಹೋಗುತ್ತೀರಿ. ಜಾಸ್ತಿ ಹೊತ್ತು ಕುದಿಸಿದರೆ ಕ್ಯಾಲ್ಸೈಟ್ ಕೂಡ ನೀಲಿ ಕಡೆ ಹೋಗುತ್ತೆ. ಐದಾರು ನಿಮಿಷ ಸಾಕು.

ಮಾತ್ರೆಗಳದ್ದು ಬೇರೆಯೇ ಗೋಳು. ಪಿಷ್ಟ ತೆಗೆಯೋಕೆ ಕುಲುಮೆಯಲ್ಲಿ ಸುಟ್ಟು ನೋಡಿದೆ. ಎಲ್ಲವೂ ಬೆಳ್ಳಗೆ ಬಂದವು, ಕವಡೆ ಕೂಡ! ನಾನೂರು ಡಿಗ್ರಿ ದಾಟಿದರೆ ಅರಗೊನೈಟ್ ಕ್ಯಾಲ್ಸೈಟ್ ಆಗಿಬಿಡುತ್ತೆ. ಹಾಗಾಗಿ ಬೆಂಕಿಯ ದಾರಿ ಬಂದ್. ಮೀಥೈಲ್‌ಕೊಬಾಲಮಿನ್ ಇರುವ ಮಾತ್ರೆ ತನ್ನಷ್ಟಕ್ಕೇ ಕೆಂಪು ಬಿಡುತ್ತೆ, ಅದನ್ನೂ ಕಳೆಯಬೇಕು. ಕೋಟಿಂಗ್ ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತದ್ದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಕೊನೆಯ ತೊಳೆತಕ್ಕೆ ಏನು ಬಳಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ಸಿಗೋಕೆ ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಕೊನೆಗೆ ನಾಲ್ಕು ಬ್ರ್ಯಾಂಡ್ ಚೊಕ್ಕ ನೇರಳೆ ಕೊಟ್ಟವು. ಎರಡು ಅನುಮಾನ. ಉಳಿದವು ಮೊಟ್ಟೆ ಚಿಪ್ಪಿನ ಪಕ್ಕ ಇಟ್ಟರೆ ಗುರುತೇ ಸಿಗದಷ್ಟು ಬಿಳಿ. ನನ್ನ ಕಣ್ಣನ್ನು ನಾನೇ ನಂಬಬಾರದು ಅಂತ ನಾಲ್ಕು ಸ್ಯಾಂಪಲ್ ಹೈದರಾಬಾದಿನ ಒಂದು ಲ್ಯಾಬ್‌ಗೆ ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಹಾಯಿಸಿ ಹರಳಿನ ಬಗೆ ಗುರುತಿಸುವ ಪರೀಕ್ಷೆ) ಕಳಿಸಿದೆ. ಬಿಲ್ ಐದು ಸಾವಿರದ ಹತ್ತಿರ. ನಾಲ್ಕಕ್ಕೆ ನಾಲ್ಕೂ ನಾನು ಹೇಳಿದ್ದೇ ಬಂತು. ಆ ಹಾಳೆ ನೋಡಿದ ಮೇಲೆ ರೆಪ್‌ಗಳ ನಗು ನಿಂತಿತು.

ಬಿಳಿ ಬಂದ ತಕ್ಷಣ ಕಳ್ಳಮಾಲು ಅನ್ನಬೇಡಿ. ಬಹಳ ಹಳೆಯ ಪಳೆಯುಳಿಕೆ ಹವಳ ಎಷ್ಟೋ ಕಡೆ ತಾನಾಗಿಯೇ ಕ್ಯಾಲ್ಸೈಟ್ ಆಗಿರುತ್ತೆ. ಕಂಪನಿ ಪುಡಿಯನ್ನು ಜೋರಾಗಿ ಕಾಯಿಸಿದ್ದರೂ ಹಾಗೇ. ನೇರಳೆ ಬಂದರೂ ಹವಳವೇ ಅಂತಿಲ್ಲ, ಶಂಖದ ಪುಡಿಯೂ ನೇರಳೆಯೇ. ನಾನು ಮಾಡೋದಿಷ್ಟೇ: ಬಿಳಿ ಬಂದರೆ ಮೂಲದ ಕಾಗದ ಕೇಳುತ್ತೇನೆ. ಕೊಟ್ಟವರು ಇಬ್ಬರೇ.

ಇದರ ನಡುವೆ ಕೆಂಪು ಹವಳ ಅರೆದು ಮಾಡುವ ಪ್ರವಾಳ ಪಿಷ್ಟಿಯನ್ನೂ ನೋಡಿದೆ. ಆಯುರ್ವೇದದ ಕೆಂಪು ಹವಳ ಮೂಲತಃ ಕ್ಯಾಲ್ಸೈಟೇ, ಮೈಗನ್‌ಗೆ ಬಗ್ಗಲ್ಲ. ಆದರೆ ಅದರಲ್ಲಿ ಮೆಗ್ನೀಷಿಯಂ ಚೆನ್ನಾಗಿರುತ್ತೆ. ಪಿಎಚ್ ಹತ್ತರಲ್ಲಿ ಒಮ್ಮೆ, ಹನ್ನೆರಡರಲ್ಲಿ ಒಮ್ಮೆ ಟೈಟ್ರೇಟ್ ಮಾಡಿ ಕಳೆದರೆ ಸಿಗುತ್ತೆ. ಎರಡು ಡಬ್ಬಿಯಲ್ಲಿ ಒಂದರಲ್ಲಿ ಮೆಗ್ನೀಷಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಬಂಡೆ ಹವಳದ್ದು ಉಲ್ಟಾ, ಅದರಲ್ಲಿ ಸಹಜವಾಗಿ ಮೆಗ್ನೀಷಿಯಂ ಬಹಳ ಕಡಿಮೆ. ಕ್ಯಾಲ್ಸಿಯಂನ ಅರ್ಧದಷ್ಟು ಮೆಗ್ನೀಷಿಯಂ ಇದೆ ಅಂತ ಯಾರಾದರೂ ಹೊಗಳಿದರೆ, ಅದು ಹೊರಗಿನಿಂದ ಸೇರಿಸಿದ್ದು ಅಂತಲೇ ತಿಳಿಯಿರಿ.

ಸೀಸ ಇದೆಯೇ ಅನ್ನೋದಕ್ಕೆ ಅಂಗಡಿಯಲ್ಲಿ ದಾರಿ ಇಲ್ಲ, ಲ್ಯಾಬೇ ಗತಿ. ಸ್ಯಾಂಪಲ್‌ಗೆ ಎರಡು ಸಾವಿರದ ಮೇಲೆ. ನೈಸರ್ಗಿಕ ಅಂದರೆ ಶುದ್ಧ ಅಂತಲ್ಲ. ಮೂಳೆ ಪುಡಿ, ಡಾಲೊಮೈಟ್‌ನಲ್ಲಿ ಸೀಸ ಇರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1980ರ ದಶಕದಲ್ಲೇ ಎಚ್ಚರಿಸಿತ್ತು. ಕೋರಲ್ ಕ್ಯಾಲ್ಸಿಯಂನಿಂದ ಕ್ಯಾನ್ಸರ್ ವಾಸಿ ಅಂತ ಟಿವಿಯಲ್ಲಿ ಹೇಳಿ ಮಾರುತ್ತಿದ್ದವರ ಮೇಲೆ ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ 2003ರಲ್ಲಿ ಕೇಸು ಹಾಕಿತ್ತು. ಗಿರಾಕಿ ಅಂಥ ವಿಡಿಯೊ ತೋರಿಸಿದಾಗ ನಾನು ಇದನ್ನು ಹೇಳುತ್ತೇನೆ.

ಈಗ ನನ್ನ ರ‍್ಯಾಕ್‌ನಲ್ಲಿ ಕೋರಲ್ ಎರಡೇ ಬ್ರ್ಯಾಂಡ್. ಎರಡೂ ನೇರಳೆ ಕೊಟ್ಟವು, ಬೇಗ ಒಡೆಯುವವು, ಎಲಿಮೆಂಟಲ್ ಎಷ್ಟು ಅಂತ ಬಿಡಿಸಿ ಬರೆದವು. ಮಾರ್ಜಿನ್ ಒಂದಷ್ಟು ಹೋಯ್ತು, ಗಿರಾಕಿ ಹೋಗಲಿಲ್ಲ. ಆಳಂದದ ಅಜ್ಜಿಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅವರ ಡಾಕ್ಟರ್‌ಗೆ ತೋರಿಸಲು ಹೇಳಿದೆ. ಅವರು ಮಾಮೂಲಿ ಕಾರ್ಬೊನೇಟ್, ಡಿ3 ಬರೆದುಕೊಟ್ಟರು. ಊಟದ ಜೊತೆ ತಗೊಳ್ಳಿ ಅಂತ ನಾನು ಹೇಳಿದೆ.

ನೀವೂ ಮಾಡೋದಾದರೆ ಕೋಬಾಲ್ಟ್ ನೈಟ್ರೇಟ್ ವಿಷ ಅನ್ನೋದು ನೆನಪಿರಲಿ. ಗ್ಲೌಸ್ ಹಾಕಿ, ಕಿಟಕಿ ತೆರೆದು ಕುದಿಸಿ, ಅಡುಗೆ ಪಾತ್ರೆ ಹತ್ತಿರ ತರಬೇಡಿ. ಉಳಿದ ನೀರನ್ನು ಚರಂಡಿಗೆ ಬಿಡದೆ ಕ್ಯಾನ್‌ನಲ್ಲಿ ತುಂಬಿಟ್ಟು, ಪರಿಚಯದ ಕಾಲೇಜು ಲ್ಯಾಬ್‌ನವರಿಗೆ ವಿಲೇವಾರಿಗೆ ಕೊಡುತ್ತೇನೆ.