ಕಲಬುರಗಿಯ ಶೆಡ್ಡಿನಲ್ಲಿ ವಿಮಾನದ ಬಾಲ ಕಟ್ಟಿದ ಅನುಭವ

ಸ್ವತಃ ಜೋಡಿಸಿಕೊಳ್ಳುವ ಅಲ್ಯೂಮಿನಿಯಂ ಕಿಟ್ ವಿಮಾನಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ಬಾಲವನ್ನೇ. ವಿಮಾನವನ್ನು ಸ್ಥಿರವಾಗಿಡುವ ಅಡ್ಡ ಮತ್ತು ಲಂಬ ಸ್ಟೆಬಿಲೈಜರ್, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್, ಮೇಲೆ ಕೆಳಗೆ ಮಾಡುವ ಎಲಿವೇಟರ್ ಇಷ್ಟನ್ನು ಕಟ್ಟುವಷ್ಟರಲ್ಲಿ ಮುಂದೆ ರೆಕ್ಕೆಗೆ ಬೇಕಾಗುವ ಕೈಚಳಕ ಬಹುಮಟ್ಟಿಗೆ ಬಂದಿರುತ್ತದೆ. ಕಪನೂರು ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿನಲ್ಲಿ ಈ ಕೆಲಸ ಮಾಡುವಾಗ ನನ್ನ ಸಮಯದ ಬಹುಪಾಲು ಹೋದದ್ದು ರಿವೆಟ್ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಹೊಡೆಯುವುದಕ್ಕಿಂತ ಹೆಚ್ಚಾಗಿ ತೂತುಗಳನ್ನು ಸಿದ್ಧಗೊಳಿಸುವುದಕ್ಕೆ.

ತಗಡು 2024-ಟಿ3 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದರ ಮೇಲಿರುವ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಅದನ್ನು ತುಕ್ಕಿನಿಂದ ಕಾಯುತ್ತದೆ. ಮೇಜಿನ ಮೇಲೆ ಒಂದು ಹರಳಿದ್ದರೂ ಆ ಪದರಕ್ಕೆ ಗೀರು ಬೀಳುತ್ತದೆ. ನಮ್ಮ ಕಡೆಯ ಧೂಳನ್ನು ಬಲ್ಲವನಾದ್ದರಿಂದ ತಗಡಿನ ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ಸುಲಿಯದೆ, ರಿವೆಟ್ ಸಾಲಿನ ಉದ್ದಕ್ಕೂ ಪಟ್ಟಿಯಷ್ಟನ್ನೇ ತೆಗೆದೆ. ಬಿಡಿಭಾಗಗಳನ್ನು ಕ್ಲೀಕೊಗಳಿಂದ (ತೂತಿಗೆ ತೂರಿಸುವ ತಾತ್ಕಾಲಿಕ ಪಿನ್ನುಗಳು) ಹಿಡಿಸಿ, ತೂತುಗಳನ್ನು ಅಂತಿಮ ಅಳತೆಗೆ ಕೊರೆದು, ಮತ್ತೆ ಎಲ್ಲವನ್ನೂ ಬಿಚ್ಚಿ, ಪ್ರತಿ ತೂತಿನ ಎರಡೂ ಬದಿಯ ಬರ್, ಅಂದರೆ ಕೊರೆದಾಗ ಏಳುವ ಚೂಪು ಅಂಚು, ತೆಗೆಯಬೇಕು. ಬಿರುಕು ಹುಟ್ಟುವುದು ಇಂಥ ಒರಟು ಅಂಚಿನಲ್ಲಿಯೇ. ಅನಂತರ ರಿವೆಟ್ಟಿನ ತಲೆ ತಗಡಿನ ಮಟ್ಟಕ್ಕೆ ಕೂರುವಂತೆ ತೂತಿನ ಸುತ್ತ ತಗ್ಗು ಮಾಡುವ ಡಿಂಪಲ್, ಆಮೇಲೆ ಪ್ರೈಮರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಮಧ್ಯಾಹ್ನ ಸ್ಪ್ರೇ ಮಾಡಿದರೆ ಪ್ರೈಮರ್ ತಗಡನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಂತೆ ಕೂರುತ್ತದೆ, ಹಿಡಿತವಿರುವುದಿಲ್ಲ. ಆ ಕೆಲಸಕ್ಕೆ ನಸುಕಿನ ಹೊತ್ತೇ ಸರಿ.

ನಾನು ರಿವೆಟ್ ಗನ್ನಿನಿಂದ ಹೊಡೆಯುವಾಗ ಹಿಂಬದಿಗೆ ಒತ್ತುವ ಉಕ್ಕಿನ ತುಂಡು, ಅಂದರೆ ಬಕಿಂಗ್ ಬಾರ್, ಹಿಡಿಯಲು ಬಸ್ ಬಾಡಿ ಕಟ್ಟುವ ಹಿರಿಯ ಕೆಲಸಗಾರರೊಬ್ಬರು ಬರುತ್ತಿದ್ದರು. “ಗನ್ ನೆಟ್ಟಗ ಹಿಡೀರಿ ಸಾಹೇಬ್ರ, ವಾರಿ ಆಯ್ತಂದ್ರ ತಗಡು ತಗ್ಗ ಬೀಳ್ತದ” ಎಂದು ಅವರು ಹೇಳುತ್ತಿದ್ದ ಮಾತು ಯಾವ ಕೈಪಿಡಿಗೂ ಕಡಿಮೆಯದಲ್ಲ. ಸಣ್ಣ ರಿವೆಟ್ಟಿನ ದಪ್ಪ 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ಹೊಡೆಯುವ ಮೊದಲು ಅದು ತನ್ನ ದಪ್ಪದ ಒಂದೂವರೆ ಪಟ್ಟು ಹೊರಚಾಚಿರಬೇಕು. ಹೊಡೆದ ಮೇಲೆ ಒಳಬದಿಯ ತಲೆಯ ಅಗಲ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಟಾರ್ಚ್ ಹಿಡಿದು ಗೇಜಿನಿಂದ ಒಂದೊಂದನ್ನೂ ನೋಡುವುದು ಬೇಸರದ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಳಗೆ ಸೇರಿ ಮುಚ್ಚಿಹೋಗುವ ರಿವೆಟ್ಟನ್ನು ನೋಡಲು ಇರುವುದು ಅದೊಂದೇ ಅವಕಾಶ.

ನನಗೆ ಅತಿ ಹೆಚ್ಚು ಗಮನ ಬೇಡಿದ್ದು ರಡ್ಡರ್. ಅದರ ತಗಡು ಸುಮಾರು 0.4 ಮಿ.ಮೀ. ಮಾತ್ರ. ಒಳಗಿನ ಎಲ್ ಆಕಾರದ ಪಟ್ಟಿಗಳನ್ನು ಉಕ್ಕಿನ ಹಲಗೆಯ ಮೇಲೆ ಬ್ಯಾಕ್ ರಿವೆಟ್ ಮಾಡಿದ್ದರಿಂದ, ಅಂದರೆ ಒಳಬದಿಯಿಂದ ಹೊಡೆದಿದ್ದರಿಂದ, ಹೊರಮೈ ನುಣುಪಾಗಿಯೇ ಉಳಿಯಿತು. ಹಿಂದಿನ ಅಂಚಿನ ಹತ್ತಿರ ಎದುರುಬದುರು ಪಟ್ಟಿಗಳ ತುದಿಗಳು ಸೇರುವಲ್ಲಿ ಸಿಲಿಕೋನ್ ಸೀಲೆಂಟ್ ಇಟ್ಟೆ, ಏಕೆಂದರೆ ಪ್ರೊಪೆಲ್ಲರ್ ಗಾಳಿಯ ಹೊಡೆತಕ್ಕೆ ತಗಡು ಅದುರಿ ಬಿರುಕುಬಿಡುವುದು ಅಲ್ಲಿಯೇ.

ಎಲಿವೇಟರಿನ ಮುಂತುದಿಗೆ ಕೂಡಿಸುವ ಸೀಸದ ತೂಕವನ್ನು ಇನ್ನೂ ಕೆತ್ತಿಲ್ಲ. ಹಿಂಜಿನ ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಎಲಿವೇಟರ್ ತಾನೇ ತಾನಾಗಿ ಹೆಚ್ಚುವ ಅದುರಾಟ, ಅಂದರೆ ಫ್ಲಟರ್‌ಗೆ ಸಿಕ್ಕಿ ಬಾಲವನ್ನೇ ಮುರಿಯಬಲ್ಲದು, ಬಣ್ಣವೂ ಹಿಂಭಾಗಕ್ಕೆ ಭಾರ ಕೂಡಿಸುತ್ತದೆ. ಹಾಗಾಗಿ ಬಣ್ಣ ಒಣಗಿದ ಮೇಲೆಯೇ ತಕ್ಕಡಿ ನೋಡಿ ಸೀಸಕ್ಕೆ ಕೈಹಾಕುವೆ.