ಅರಿಶಿನದ ನೀರು ಎಲ್ಲಿ ಹೊರಬಂತು?

ನಮ್ಮ ಮನೆ ಬೆಂಗಳೂರಿನ ಕೆಂಗೇರಿ ಕಡೆ. ಮೂರನೇ ತಿರುವಿನಲ್ಲಿ ಒಂದು ಸಣ್ಣ ರಾಜಕಾಲುವೆ, ಅಂದರೆ ಮಳೆ ನೀರಿನ ಕಾಲುವೆ, ಇದೆ. ಅದು ಹೋಗಿ ಸೇರುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತು ಎಂದು ಹಿರಿಯರು ಹೇಳುವ ಹೊಳೆ. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ. ಇಷ್ಟು ವರ್ಷ ನಾನು ಫ್ಯಾಕ್ಟರಿಗಳನ್ನು ಬೈದುಕೊಂಡೇ ಓಡಾಡಿದ್ದೆ.

ಒಂದು ಬೇಸಿಗೆ ನಮ್ಮ ರಾಜಕಾಲುವೆಯಲ್ಲೂ ನೊರೆ ಕಂಡಿತು. ಮಳೆ ಇಲ್ಲ. ಮೇಲಕ್ಕೆ ಒಂದೂ ಫ್ಯಾಕ್ಟರಿ ಇಲ್ಲ, ಬರೀ ಮನೆಗಳು. ಅನುಮಾನ ಬಂದು ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ, ಬಟ್ಟೆ ಒಗೆಯುವ ಜಾಗದಲ್ಲಿ ಸುರಿದೆ. ಮಗನನ್ನು ಗೇಟಿನಾಚೆ ಮೋರಿ ಹತ್ತಿರ ನಿಲ್ಲಿಸಿದ್ದೆ. ಅರ್ಧ ನಿಮಿಷವೂ ಆಗಿರಲಿಲ್ಲ, "ಅಮ್ಮಾ, ಹಳದಿ ಬಂತು!" ಎಂದು ಕೂಗಿದ.

ಮಳೆ ನೀರನ್ನು ರಾಜಕಾಲುವೆಗೆ ಒಯ್ಯಬೇಕಾದ ಮೋರಿಗೆ ನಮ್ಮ ಸೋಪಿನ ನೀರು. ಹಾಗಾದರೆ ಮಳೆ ನೀರು? ತಾರಸಿ ಮೇಲೆ ಇನ್ನೊಂದು ಬಕೆಟ್ ಸುರಿದೆ, ಈ ಸಲ ಕುಂಕುಮ. ಅದು ಯುಜಿಡಿ, ಅಂದರೆ ಮನೆಗಳ ಕೊಳಚೆ ಹೋಗುವ ಒಳಚರಂಡಿಯ ಚೇಂಬರಿನಲ್ಲಿ ಕೆಂಪಗೆ ಇಳಿಯಿತು. ಎಲ್ಲಾ ಉಲ್ಟಾ! ಜೋರು ಮಳೆ ಬಂದಾಗ ನಮ್ಮ ಬೀದಿಯ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತದೆ ಎಂದು ಆಗ ಹೊಳೆಯಿತು. ಯುಜಿಡಿ ಪೈಪು ಹಾಕಿರುವುದು ಮನೆಗಳ ಕೊಳಚೆಯ ಅಳತೆಗೆ. ತಾರಸಿಗಳ ನೀರೂ ಅದಕ್ಕೇ ನುಗ್ಗಿದರೆ ಕೊಳಚೆ ಮೇಲೆ ಬಂದು ರಾಜಕಾಲುವೆಗೇ ಇಳಿಯುತ್ತದೆ.

"ಅರ್ಧ ಏರಿಯಾ ಹಿಂಗೇ ಇದೆ ಮೇಡಂ," ಎಂದ ಪ್ಲಂಬರ್, ಏನೂ ಆಗದವನಂತೆ. ಒಗೆಯುವ ಜಾಗದ ಪೈಪನ್ನು ಯುಜಿಡಿಗೆ ತಿರುಗಿಸುವುದು ಒಂದೇ ದಿನದಲ್ಲಿ ಮುಗಿಯಿತು.

ತಾರಸಿ ನೀರಿಗೆ ಇಂಗುಗುಂಡಿ ತೋಡಿಸಿದೆವು. ಮೂರು ಅಡಿ ಅಗಲ, ಹನ್ನೆರಡು ಅಡಿ ಆಳ, ಸುತ್ತ ಸಿಮೆಂಟ್ ರಿಂಗು, ತಳಕ್ಕೆ ಕಾಂಕ್ರೀಟ್ ಇಲ್ಲ. ಇಲ್ಲಿ ನಾನು ಎಡವಿದೆ. ಯಾರೋ ಹೇಳಿದರು ಅಂತ ಗುಂಡಿಯನ್ನು ಬಾಯಿತನಕ ಜಲ್ಲಿಯಿಂದ ತುಂಬಿಸಿಬಿಟ್ಟೆ. ಮೊದಲ ದೊಡ್ಡ ಮಳೆಗೇ ತುಂಬಿ ಹೊರಗೆ ಹರಿಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. ನಮ್ಮ ತಾರಸಿ 1000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. 20 ಮಿಲಿಮೀಟರ್ ಬಿದ್ದರೆ 1800 ಲೀಟರಿಗೂ ಜಾಸ್ತಿ. ಖಾಲಿ ಗುಂಡಿ 2400 ಲೀಟರ್ ಹಿಡಿಯುತ್ತದೆ, ಜಲ್ಲಿ ತುಂಬಿದರೆ ಅದರ ಅರ್ಧವೂ ಇಲ್ಲ! ಕೂಲಿ ಕೊಟ್ಟು ತುಂಬಿಸಿದ್ದನ್ನು ಮತ್ತೆ ಕೂಲಿ ಕೊಟ್ಟು ತೆಗೆಸಿದೆ. ತಳದಲ್ಲಿ ಒಂದಡಿ ಮಾತ್ರ ಬಿಟ್ಟೆ. ಮೊದಲ ಮಳೆಯ ಧೂಳು, ಎಲೆ, ಪಾರಿವಾಳದ ಹಿಕ್ಕೆ ಗುಂಡಿಗೆ ಹೋಗದಂತೆ ಪೈಪಿಗೆ ಒಂದು ವಾಲ್ವ್ ಹಾಕಿಸಿದ್ದೇನೆ. ಅದನ್ನು ತಿರುಗಿಸಲು ನಾನೇ ನೆನಪಿಟ್ಟುಕೊಳ್ಳಬೇಕು. ಎಷ್ಟೋ ಸಲ ಮರೆಯುತ್ತೇನೆ.

ಉಳಿದದ್ದು ಸಣ್ಣಪುಟ್ಟದ್ದು. ಕಾರನ್ನು ರಸ್ತೆಯಲ್ಲಿ ಶಾಂಪೂ ಹಾಕಿ ತೊಳೆಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಬಜ್ಜಿ ಕರಿದ ಎಣ್ಣೆ ಮೋರಿಗಿಲ್ಲ. ಕಾಂಪೌಂಡಿಗೆ ಬಣ್ಣ ಹೊಡೆಸಿದಾಗ ಬ್ರಷ್ಷು ಅದ್ದಿದ ನೀರನ್ನು ಪೇಂಟರ್ ಮೋರಿಗೆ ಚೆಲ್ಲಲು ಹೋದ. ಅವನನ್ನು ತಡೆಯಲು ನಾನು ಓಡಿದ್ದನ್ನು ಮಗ ಇವತ್ತಿಗೂ ಆಡಿಕೊಳ್ಳುತ್ತಾನೆ.

ಎದುರು ಮನೆ ಆಂಟಿಗೆ ಅರಿಶಿನದ ಸುದ್ದಿ ಭಾರಿ ಇಷ್ಟವಾಯಿತು. "ನಮ್ಮನೇಗೂ ಮಾಡಿ ನೋಡೇ," ಎಂದರು. ನಮ್ಮ ಬೀದಿಯಲ್ಲಿ ನೋಡಿದ ಎಂಟು ಮನೆಗಳಲ್ಲಿ ಐದರದ್ದು ತಪ್ಪು ಜೋಡಣೆ. ಮೂರು ಮನೆಯವರು ಸರಿಮಾಡಿಸಿದರು. ಒಬ್ಬರು "ಖರ್ಚು ನೀವು ಕೊಡ್ತೀರಾ?" ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾಜಕಾಲುವೆಯಲ್ಲಿ ನೊರೆ ಈಗ ಕಡಿಮೆ. ಪೂರ್ತಿ ಹೋಗಿಲ್ಲ. ಕಳೆದ ಭಾನುವಾರ ಅಂಚು ಹಿಡಿದು ಮೇಲಕ್ಕೆ ನಡೆದು ನೋಡಿದೆವು. ಹಿಂದಿನ ಕ್ರಾಸಿನ ಒಂದು ಪೈಪಿನಿಂದ ಬಿಳಿ ನೀರು ಇಳಿಯುತ್ತಿತ್ತು. ಬರುವ ಭಾನುವಾರ ಆಂಟಿ ಜೊತೆ ಆ ಬೀದಿಗೆ ಹೋಗುತ್ತಿದ್ದೇನೆ. ಅರಿಶಿನ ಅವರೇ ತರುತ್ತಾರಂತೆ.