ಗೃಹಸಾಲ ಸಿಗಲಿಲ್ಲ, ಶುಲ್ಕದ ಖಾತೆ ಮುಚ್ಚಿಸಿದ್ದು ಹೀಗೆ

ಬಡ್ಡಿಯಲ್ಲಿ ರಿಯಾಯಿತಿ ಸಿಗುತ್ತದೆಂದು ಗೃಹಸಾಲದ ಅರ್ಜಿಯ ಜೊತೆ ಅದೇ ಬ್ಯಾಂಕಿನಲ್ಲಿ ತಿಂಗಳಿಗಿಷ್ಟು ಶುಲ್ಕ ಕಡಿತವಾಗುವ ಖಾತೆ ತೆರೆದಿದ್ದೆ. ಅರ್ಜಿ ತಿರಸ್ಕೃತವಾಯಿತು, ಶುಲ್ಕ ಮಾತ್ರ ಕಡಿತವಾಗುತ್ತಲೇ ಇತ್ತು. ಸಾಲ, ಖಾತೆ ಎರಡೂ ಬೇರೆ ಬೇರೆ ಒಪ್ಪಂದ. ಸಾಲ ಇಲ್ಲವೆಂದು ಖಾತೆ ತಾನಾಗಿ ಮುಚ್ಚುವುದಿಲ್ಲ.

ಆಟೋ ಡೆಬಿಟ್‌ಗಳನ್ನು ಹಳೆಯ ಖಾತೆಗೆ ಬದಲಿಸಿ, ಸ್ಟೇಟ್‌ಮೆಂಟ್ ಇಳಿಸಿಕೊಂಡೆ. ಮುಚ್ಚಿದ ಮೇಲೆ ಲಾಗಿನ್ ಆಗದಿರಬಹುದು ನೋಡಿ. ಖಾತೆ ಮುಚ್ಚುವ ಫಾರಂನಲ್ಲಿ ಕಾರಣದ ಜಾಗದಲ್ಲಿ ‘ಸಾಲ ಮಂಜೂರಾಗಿಲ್ಲ, ಪತ್ರ ಲಗತ್ತಿಸಿದೆ’ ಎಂದು ಬರೆದು, ಬಳಸದ ಅವಧಿಯ ಶುಲ್ಕ ವಾಪಸ್ ಕೇಳಿದೆ. ಕೊಟ್ಟರು.

ತೊಡಕಾಗಿದ್ದು ಬ್ಯಾಲೆನ್ಸ್ ಸೊನ್ನೆ ಮಾಡಿದಾಗ. ತಿಂಗಳ ಕೊನೆಯ ಶುಲ್ಕ ಬಿದ್ದು ಖಾತೆ ಮೈನಸ್‌ಗೆ ಹೋಯಿತು, ಮೈನಸ್ ಇದ್ದರೆ ಮುಚ್ಚುವುದಿಲ್ಲ ಎಂದರು ಬ್ಯಾಂಕಿನವರು. ಸ್ವಲ್ಪ ಹಣ ಹಾಕಿ, ಉಳಿದದ್ದನ್ನು ನನ್ನ ಇನ್ನೊಂದು ಖಾತೆಗೆ ವರ್ಗಾಯಿಸುವಂತೆ ಬರೆದುಕೊಟ್ಟೆ. ಖಾತೆ ಮುಚ್ಚಿದ ದೃಢೀಕರಣ ಪತ್ರ ಬಂತು. ಅದನ್ನು ಕೇಳಿ ಪಡೆಯಲೇಬೇಕು.